ಪ್ಲಗ್ಗಿನ ಬಣ್ಣದಿಂದ ಪರದೆಯ ಕೋಡ್‌ವರೆಗೆ: ಹೊಸೂರು ರಸ್ತೆಯ ಸುತ್ತ ಕಾರಿನ ಇಗ್ನಿಷನ್ ತಪಾಸಣೆಯ ಚರಿತ್ರೆ

ಪೀಠಿಕೆ

ಪೆಟ್ರೋಲ್ ಕಾರಿನ ಕಿಡಿ ಎಲ್ಲಿ ತಪ್ಪಿತೆಂದು ಹುಡುಕುವ ಕೆಲಸ ಅರ್ಧ ಶತಮಾನದಲ್ಲಿ ಕಣ್ಣು-ಕಿವಿಗಳಿಂದ ಸ್ಕ್ಯಾನರಿಗೆ ದಾಟಿತು. ಈ ಬದಲಾವಣೆಗೆ ಗ್ಯಾರೇಜಿನ ಅಗತ್ಯಕ್ಕಿಂತ ಹೊಗೆ ನಿಯಂತ್ರಣದ ಕಾನೂನೇ ಹೆಚ್ಚು ಕಾರಣ ಎಂಬುದು ಈ ಲೇಖನದ ವಾದ. ಸ್ಪಾರ್ಕ್ ಪ್ಲಗ್, ಎಂಜಿನ್ ಸಾಫ್ಟ್‌ವೇರ್, ವಿದ್ಯುತ್ ಕಾರು ಮೂರೂ ಬೆಂಗಳೂರಿನ ಹೊಸೂರು ರಸ್ತೆಯ ಆಸುಪಾಸಿನಲ್ಲೇ ಬೆಳೆದದ್ದರಿಂದ ಈ ಚರಿತ್ರೆಯನ್ನು ಇಲ್ಲಿಂದಲೇ ನೋಡಬಹುದು.

ಪಾಯಿಂಟ್ ಕಾಲ

ಸ್ಟಟ್‌ಗಾರ್ಟ್‌ನ ಬಾಷ್ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೋನೋಲ್ಡ್ 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೊಪ್ಪುವ ಸ್ಪಾರ್ಕ್ ಪ್ಲಗ್ ರೂಪಿಸಿದ. ಬಾಷ್ ಪರಂಪರೆಯದೇ ಆದ ಮೈಕೊ ಕಂಪನಿ 1951ರಲ್ಲಿ ಸ್ಥಾಪನೆಯಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಪ್ಲಗ್ ಮತ್ತು ಡೀಸೆಲ್ ಪಂಪ್ ತಯಾರಿಸಿತು. ಪ್ಲಗ್ ತಯಾರಿಕೆ ಮುಂದೆ ಎಲೆಕ್ಟ್ರಾನಿಕ್ ಸಿಟಿ ಸಮೀಪದ ನಾಗನಾಥಪುರಕ್ಕೆ ಬಂತು; 2008ರಲ್ಲಿ ಕಂಪನಿಯ ಹೆಸರೇ ಬಾಷ್ ಆಯಿತು.

ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ದೋಷ ಕೈಗೆ ಸಿಗುತ್ತಿತ್ತು. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ತೆರೆದಾಗ ಕಾಯಿಲ್ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಪಾಯಿಂಟ್ ನಡುವಿನ ಸುಮಾರು 0.4 ಮಿ.ಮೀ. ಗ್ಯಾಪ್ ಹೆಚ್ಚುಕಡಿಮೆಯಾದರೂ, ಕಂಡೆನ್ಸರ್ ಕೆಟ್ಟರೂ ಕಿಡಿ ಸೊರಗುತ್ತದೆ. ಮೆಕ್ಯಾನಿಕ್ ಟೆಸ್ಟ್ ಲ್ಯಾಂಪ್ ಹಿಡಿದು ಕಾಯಿಲಿಗೆ ಕರೆಂಟ್ ಬಂದಿದೆಯೇ ನೋಡುತ್ತಿದ್ದ. ಬಿಚ್ಚಿದ ಪ್ಲಗ್ ಕಂದಾಗಿದ್ದರೆ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ದುರ್ಬಲ. ಬೆಳ್ಳಗಾಗಿದ್ದರೆ ಅತಿ ಬಿಸಿ.

ಕಾನೂನು ತಂದ ಕೋಡ್

ಕಿಡಿ ತಪ್ಪಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಹೀಗೆ ಮಿಸ್‌ಫೈರ್, ಅಂದರೆ ಕಿಡಿ ತಪ್ಪುವುದು, ಮಾಲಿನ್ಯದ ಪ್ರಶ್ನೆಯೂ ಆಯಿತು. ಅಮೆರಿಕ 1996ರಿಂದ ಎಲ್ಲ ಹೊಸ ಕಾರುಗಳಲ್ಲಿ ಏಕರೂಪದ ಓಬಿಡಿ-2 (ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಕೋಡ್ ಆಗಿ ದಾಖಲಿಸುವ ವ್ಯವಸ್ಥೆ) ಕಡ್ಡಾಯ ಮಾಡಿತು. ಭಾರತದಲ್ಲಿ ಬೆಂಗಳೂರೂ ಸೇರಿ 13 ನಗರಗಳಿಗೆ ಏಪ್ರಿಲ್ 2010ರಲ್ಲಿ ಬಿಎಸ್-4 ಹೊಗೆ ಮಾನದಂಡ ಬಂದಾಗ ಓಬಿಡಿ-1, 2013ರಲ್ಲಿ ಓಬಿಡಿ-2 ಜಾರಿಯಾದವು. ಮೊದಲನೆಯದು ಮುಖ್ಯವಾಗಿ ವೈರಿಂಗ್ ಕಡಿದಿದೆಯೇ ನೋಡುತ್ತಿತ್ತು. ಎರಡನೆಯದು ಮಿಸ್‌ಫೈರನ್ನೂ ಗಮನಿಸಿತು. ಕ್ರ್ಯಾಂಕ್ ಸೆನ್ಸರ್ ತೋರಿಸುವ ಶಾಫ್ಟಿನ ವೇಗದ ಸಣ್ಣ ಕುಸಿತವನ್ನು ಗುರುತಿಸಿ, ಯಾವ ಸಿಲಿಂಡರ್ ತಪ್ಪಿತೆಂದು ಎಂಜಿನ್ ಕಂಟ್ರೋಲ್ ಘಟಕ ಹೇಳುತ್ತದೆ.

ಇಂಥ ಎಂಜಿನ್ ಕಂಟ್ರೋಲ್ ಘಟಕಗಳ ಸಾಫ್ಟ್‌ವೇರ್ ಕೆಲಸ ಇದೇ ಹೊತ್ತಿಗೆ ಬೆಂಗಳೂರಿನಲ್ಲಿ ಬೇರೂರಿತ್ತು: ಬಾಷ್‌ನ ಎಂಜಿನಿಯರಿಂಗ್ ಘಟಕ ಕೋರಮಂಗಲ ಮತ್ತು ಎಲೆಕ್ಟ್ರಾನಿಕ್ ಸಿಟಿಯಲ್ಲಿ, 1996ರಲ್ಲಿ ಆರಂಭವಾದ ಮರ್ಸಿಡಿಸ್-ಬೆಂಜ್ ಸಂಶೋಧನಾ ಕೇಂದ್ರ ಮುಂದೆ ವೈಟ್‌ಫೀಲ್ಡ್‌ನಲ್ಲಿ.

ಕೋಡಿನ ಮಿತಿ

ಪಿ0301 ಎಂಬ ಕೋಡ್ ಒಂದನೇ ಸಿಲಿಂಡರ್ ತಪ್ಪಿದೆ ಎನ್ನುತ್ತದೆ, ಅಷ್ಟೆ. ಪ್ಲಗ್ಗೋ, ಕಾಯಿಲೋ, ಇಂಜೆಕ್ಟರೋ, ಕಂಪ್ರೆಷನ್ನೋ ಎಂಬುದು ಹಳೆಯ ವಿಧಾನದಲ್ಲೇ ಇತ್ಯರ್ಥವಾಗಬೇಕು. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಿನಲ್ಲಿ ಒಂದನೆಯದನ್ನು ಎರಡನೆಯದರ ಜಾಗಕ್ಕೆ ಬದಲಿಸಿದಾಗ ಕೋಡ್ ಪಿ0302 ಆದರೆ ದೋಷ ಕಾಯಿಲಿನದು. ಬ್ಯಾಟರಿಯ ವಿಷಯದಲ್ಲೂ ಮೀಟರ್ ಬೇಕೇ ಬೇಕು: ಪೂರ್ತಿ ಚಾರ್ಜ್ ಆಗಿ ನಿಂತಾಗ ಸುಮಾರು 12.6 ವೋಲ್ಟ್, ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 14ರ ಆಸುಪಾಸು. ಅರ್ತ್ ವೈರ್ ತುಕ್ಕು ಹಿಡಿದರೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕೋಡ್‌ಗಳು ಒಟ್ಟಿಗೆ ಬರಬಹುದು. ಸ್ಕ್ಯಾನರ್ ಹುಡುಕುವ ಜಾಗವನ್ನು ಕಿರಿದಾಗಿಸಿತು; ಹುಡುಕಾಟವನ್ನು ಮುಗಿಸಲಿಲ್ಲ.

ಉಪಸಂಹಾರ

ಬೊಮ್ಮಸಂದ್ರದ ರೇವಾ ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಪ್ಲಗ್ ಇರಲಿಲ್ಲ, ಕಾಯಿಲ್ ಇರಲಿಲ್ಲ. ಬ್ಯಾಟರಿ ಸಾಲನ್ನು ಒಳಗಿನ ಕಂಪ್ಯೂಟರ್ ಕಾಯುತ್ತಿತ್ತು. ಹೊಗೆಯೂ ಇಲ್ಲ. ಏಕರೂಪದ ಕೋಡನ್ನು ಎಲ್ಲ ಗ್ಯಾರೇಜುಗಳಿಗೂ ತೆರೆದಿಟ್ಟದ್ದು ಹೊಗೆಯ ಕಾನೂನು. ಹೊಗೆಯಿಲ್ಲದ ಕಾರಿಗೆ ಆ ಒತ್ತಾಯದ ಆಧಾರವೇ ಸಡಿಲವಾಗುತ್ತದೆ. ಕ್ಯಾಲಿಫೋರ್ನಿಯ 2022ರಲ್ಲಿ ಅಂಗೀಕರಿಸಿದ ನಿಯಮ, 2026ರ ಮಾದರಿಯಿಂದ ವಿದ್ಯುತ್ ಕಾರಿನ ಮಾಹಿತಿಯೂ ಏಕರೂಪವಾಗಿರಬೇಕೆನ್ನುತ್ತದೆ. ಪೀಣ್ಯದ ಆಟೊ ಎಲೆಕ್ಟ್ರಿಷಿಯನ್ ನಾಳೆ ಬ್ಯಾಟರಿ ಕಾರಿನ ದೋಷ ಓದಬಲ್ಲನೇ ಎಂಬುದು ಅವನ ಕೈಚಳಕಕ್ಕಿಂತ ಇಂಥ ನಿಯಮಗಳನ್ನೇ ಹೆಚ್ಚು ಅವಲಂಬಿಸಿದೆ.