ಎಲೆಗೆ ಎಷ್ಟು, ಹೂವಿಗೆ ಎಷ್ಟು?

ನಮ್ಮ ಸದಾಶಿವಗಡದಿಂದ ಮಾಜಾಳಿ ದಾಟಿದರೆ ಗೋವಾ. 1967ರ ಜನವರಿ 16ರಂದು ಅಲ್ಲಿ ಅಭ್ಯರ್ಥಿಗಳೇ ಇಲ್ಲದ ಒಂದು ಮತದಾನ ನಡೀತು. ಇದ್ದದ್ದು ಪ್ರಶ್ನೆ ಮಾತ್ರ: ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ, ಕೇಂದ್ರಾಡಳಿತದಲ್ಲೇ ಉಳಿಯಬೇಕೋ? ಸೇರೋದಕ್ಕೆ ಹೂವಿನ ಚಿಹ್ನೆ, ಉಳಿಯೋದಕ್ಕೆ ಎರಡು ಎಲೆ. ಕಾರವಾರವೂ ತನಗೆ ಬೇಕು ಅಂತ ಮಹಾರಾಷ್ಟ್ರ ಕೇಳ್ತಿದ್ದ ಕಾಲ ಅದು. ಹಾಗಾಗಿ ಕಾಳಿ ನದಿಯ ಎರಡೂ ದಡಕ್ಕೆ ಇದು ಬರೀ ಪಕ್ಕದೂರಿನ ಸುದ್ದಿಯಲ್ಲ.

ನಾನು ಬಿ.ಕಾಂ. ಓದಿದವಳು, ಮೊದಲು ಹುಡುಕೋದು ಖರ್ಚಿನ ಕಾಲಂ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಕಲಂ ಪ್ರಕಾರ ಚುನಾವಣಾ ಖರ್ಚಿನ ಲೆಕ್ಕ ಇಡಬೇಕಾದವರು ಅಭ್ಯರ್ಥಿ ಅಥವಾ ಅವರ ಏಜೆಂಟ್. ಇಲ್ಲಿ ಹೂವು ಲೆಕ್ಕ ಕೊಡುತ್ತಾ, ಎಲೆ ಕೊಡುತ್ತಾ?

ವಿಲೀನದ ಪರ ಇದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡಕರ ಗಣಿ ಮಾಲೀಕರು. ಅದೇ ಪರ ಬರೆದ ‘ಗೋಮಂತಕ’ ಪತ್ರಿಕೆ ಗಣಿ ಉದ್ಯಮದ ಚೌಗುಲೆ ಮನೆತನದ್ದು. ಎದುರಿಗೆ ಜ್ಯಾಕ್ ಡಿ ಸಿಕ್ವೇರಾ, ‘ರಾಷ್ಟ್ರಮತ’ ಪತ್ರಿಕೆ. ಅದರಲ್ಲಿ ತಪ್ಪೇನಿಲ್ಲ, ಪ್ರಚಾರಕ್ಕೆ ಎರಡೂ ಕಡೆ ದುಡ್ಡು ಬೇಕು. ಅಧಿಕಾರದ ಪ್ರಭಾವ ಬೀಳಬಾರದು ಅಂತ ಬಾಂದೋಡಕರ ಸರ್ಕಾರ ಮತದಾನಕ್ಕೆ ಮೊದಲೇ ರಾಜೀನಾಮೆ ಕೊಟ್ಟಿತ್ತು. ಖಾಸಗಿ ಹಣಕ್ಕೆ ಅಂಥ ಎಚ್ಚರ ಎಲ್ಲಿತ್ತು?

ಕಂಪನಿಗಳಿಗೆ ಒಂದು ನಿಯಮ ಇತ್ತು. 1960ರಲ್ಲಿ ಕಂಪನಿ ಕಾಯ್ದೆಗೆ ಸೇರಿದ 293ಎ ಕಲಂ. ರಾಜಕೀಯ ದೇಣಿಗೆಗೆ ಮಿತಿ 25,000 ರೂಪಾಯಿ, ಇಲ್ಲವೇ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ. 5, ಯಾವುದು ಹೆಚ್ಚೋ ಅದು. ಯಾರಿಗೆ ಕೊಟ್ಟದ್ದು ಅಂತ ಲಾಭ-ನಷ್ಟ ಖಾತೆಯಲ್ಲಿ ತೋರಿಸಬೇಕು. ಮಾಲೀಕರು ಸ್ವಂತ ಜೇಬಿನಿಂದ ಕೊಟ್ಟರೆ ಈ ಕಲಂ ಮುಟ್ಟೋದೇ ಇಲ್ಲ!

ಎಲೆಗೆ 1,72,191 ಮತ, ಹೂವಿಗೆ 1,38,170. ಅಂತರ 34,021. ಗೋವಾ ಉಳೀತು. ಎರಡು ವರ್ಷ ಬಿಟ್ಟು, 1969ರಲ್ಲಿ, ಕಂಪನಿಗಳ ರಾಜಕೀಯ ದೇಣಿಗೆಯನ್ನೇ ನಿಷೇಧಿಸಿದರು. ಖಾತೆಯಲ್ಲಿ ತೋರಿಸೋ ಆ ಒಂದು ಸಾಲೂ ಅಲ್ಲಿಗೆ ಹೋಯ್ತು.