ಟೋಕನ್ ಹಿಡಿದು ಮಲಗಿದವನು

ಯಾವ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಯಾವ ಹೈಪರ್‌ವೈಸರ್ ನಡೆಯುತ್ತೆ ಅಂತ ಹುಡುಕಿದ್ರೆ ಒಂದು ಕೋಷ್ಟಕ ಸಿಗುತ್ತೆ. ಒಂದು ಕಡೆ ಲಿನಕ್ಸ್, ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ. ಇನ್ನೊಂದು ಕಡೆ ಝೆನ್, ಕೆವಿಎಂ, ಬಿಹೈವ್. ಮನೆ ಮನೆಯಲ್ಲೂ ಬರೀ ‘ಹೌದು’ ಅಥವಾ ‘ಇಲ್ಲ’. ನನಗೆ ಈ ‘ಹೌದು’ಗಳ ಮೇಲೆ ಸ್ವಲ್ಪ ಅನುಮಾನ. ಲಿನಕ್ಸ್–ಕೆವಿಎಂ ಮನೆಯ ‘ಹೌದು’ 2007ರದ್ದು. ಅದು ನಿಜವಾಗಿ ‘ಹೌದು’ ಆಗೋಕೆ ಇನ್ನೂ ಆರು ವರ್ಷ ಬೇಕಾಯ್ತು. ಆ ಕೆಲಸದ ಒಂದು ದೊಡ್ಡ ಪಾಲು ನಡೆದದ್ದು ಬೆಂಗಳೂರಿನಲ್ಲಿ.

ನಮ್ಮ ಕಡೂರು ಸೀಮೆಯವರಿಗೆ ಹೈಪರ್‌ವೈಸರ್ ಅಂದ್ರೇನು ಅಂತ ಹೇಳೋದು ಸುಲಭ: ನೀರುಗಂಟಿ. ಅಯ್ಯನಕೆರೆಯಂಥ ದೊಡ್ಡ ಕೆರೆ ಆದ್ರೂ ಎಲ್ಲರ ಗದ್ದೆಗೆ ಒಟ್ಟಿಗೆ ನೀರು ಬಿಡೋಕಾಗಲ್ಲ, ಸರದಿ ಪ್ರಕಾರ ಬಿಡಬೇಕು. ಹೈಪರ್‌ವೈಸರ್ ಕೂಡ ಒಂದೇ ಪ್ರೊಸೆಸರನ್ನು ಹಲವು ವರ್ಚುವಲ್ ಮಷೀನ್‌ಗಳಿಗೆ ಹೀಗೇ ಹಂಚುತ್ತೆ. ಒಂದೇ ವ್ಯತ್ಯಾಸ. ನೀರು ನಿಂತದ್ದು ಗದ್ದೆಯವನಿಗೆ ಕಣ್ಣಿಗೆ ಕಾಣುತ್ತೆ. ವರ್ಚುವಲ್ ಮಷೀನ್ ಒಳಗಿನ ಕರ್ನಲ್‌ಗೆ ತನ್ನ ಪ್ರೊಸೆಸರ್ ನಿಂತದ್ದು ಗೊತ್ತೇ ಆಗಲ್ಲ.

ಐಬಿಎಂ ಮೇನ್‌ಫ್ರೇಮ್‌ಗಳಲ್ಲಿ ಈ ಹಂಚಿಕೆ ಹಳೇ ಸಂಗತಿ, ವಿಎಂ/370 ಬಂದದ್ದು 1972ರಲ್ಲಿ. ನಮ್ಮ ನಿಮ್ಮ ಇಂಟೆಲ್ ಪೆಟ್ಟಿಗೆಗಳಿಗೆ ಮುಕ್ತ ತಂತ್ರಾಂಶವಾಗಿ ಇದನ್ನು ತಂದದ್ದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಝೆನ್, 2003ರಲ್ಲಿ. ಅದು ಆಪರೇಟಿಂಗ್ ಸಿಸ್ಟಮ್‌ನ ಕೆಳಗೆ ಕೂರುತ್ತೆ. ಸಣ್ಣ ಬಳಗದ ನೆಟ್‌ಬಿಎಸ್‌ಡಿ 2005ರಲ್ಲೇ ಝೆನ್‌ನ ಯಜಮಾನ ಸಿಸ್ಟಮ್ ಆಗೋಕೆ ತಯಾರಾಯ್ತು. ಲಿನಕ್ಸ್‌ನ ಅಧಿಕೃತ ಕರ್ನಲ್‌ಗೆ ಆ ಸೌಲಭ್ಯ ಪೂರ್ತಿಯಾಗಿ ಸೇರಿದ್ದು 2011ರ 3.0ರಲ್ಲಿ! ಅಷ್ಟರಲ್ಲಿ ಇಂಟೆಲ್, ಎಎಂಡಿ ಚಿಪ್‌ಗಳಿಗೆ ವರ್ಚುವಲೈಸೇಶನ್ ಬಂದಿತ್ತು. ಇಸ್ರೇಲಿನ ಕುಮ್ರಾನೆಟ್ ಕಂಪನಿಯ ಅವಿ ಕಿವಿಟಿ ಬರೆದ ಕೆವಿಎಂ 2007ರ ಫೆಬ್ರವರಿಯಲ್ಲೇ ಲಿನಕ್ಸ್ 2.6.20ರ ಒಳಗಿತ್ತು. ಇಲ್ಲಿ ಕರ್ನಲ್ಲೇ ನೀರುಗಂಟಿ. ಕೆವಿಎಂ ಗೆದ್ದದ್ದು ಹೆಚ್ಚು ಜಾಣತನದಿಂದ ಅಲ್ಲ, ಮನೆಯೊಳಗಿದ್ದದ್ದರಿಂದ ಅಂತ ನನ್ನ ಅಭಿಪ್ರಾಯ.

ಮರುವರ್ಷ, ಅಂದ್ರೆ 2008ರಲ್ಲಿ, 2.6.25 ಕರ್ನಲ್‌ನ ಸ್ಪಿನ್‌ಲಾಕ್‌ಗೆ ಟೋಕನ್ ಪದ್ಧತಿ ಬಂತು. ಸೊಸೈಟಿ ಮುಂದೆ ರೇಷನ್‌ಗೆ ನಿಂತವರಿಗೆ ಇದನ್ನ ವಿವರಿಸೋದೇ ಬೇಡ. ಮೊದಲು ನುಗ್ಗಿದವನಿಗೆ ಲಾಕ್ ಸಿಗ್ತಿತ್ತು, ಪಾಪದ ಪ್ರೊಸೆಸರ್ ಕಾಯ್ತಾನೇ ಇರ್ತಿತ್ತು. ಈಗ ಎಲ್ಲರಿಗೂ ನಂಬರು. ನಿಜವಾದ ಯಂತ್ರದಲ್ಲಿ ಇದು ನ್ಯಾಯವಾದದ್ದೇ.

ವರ್ಚುವಲ್ ಮಷೀನ್‌ನಲ್ಲಿ ಮಾತ್ರ ಎಡವಟ್ಟಾಯ್ತು. ಮುಂದಿನ ಸರದಿ 12ನೇ ಟೋಕನ್‌ನವನದ್ದು ಅಂದ್ಕೊಳ್ಳಿ. ಅಷ್ಟರಲ್ಲಿ ಹೈಪರ್‌ವೈಸರ್ ಅವನ ಪ್ರೊಸೆಸರನ್ನು ಇನ್ನೊಬ್ಬರಿಗೆ ಕೊಟ್ಟಿದೆ, ಆಸಾಮಿ ಟೋಕನ್ ಹಿಡಿದೇ ನಿದ್ದೆ ಹೋಗಿದ್ದಾನೆ. ತಕ್ಕಡಿ ಖಾಲಿ ಇದೆ, ಆದ್ರೆ 13ರವನಿಗೆ ಅಕ್ಕಿ ಅಳೆಯೋ ಹಾಗಿಲ್ಲ. 13, 14, 15 ಸುಮ್ಮನೆ ನಿಲ್ಲೋರೂ ಅಲ್ಲ, ‘ನಂದಾ? ನಂದಾ?’ ಅಂತ ಕೇಳ್ತಾ ಪ್ರೊಸೆಸರ್ ಸಮಯ ತಿಂತಾರೆ. 12ರವನು ಎದ್ದೇಳೋಕೆ ಬೇಕಾದ್ದು ಅದೇ ಸಮಯ! ನಾಲ್ಕು ಪ್ರೊಸೆಸರ್ ಮೇಲೆ ಎಂಟು ವರ್ಚುವಲ್ ಪ್ರೊಸೆಸರ್ ಹೇರಿ ದುಡ್ಡು ಉಳಿಸೋ ನಮ್ಮಂಥವರಿಗೆ ಇದು ನೇರ ಪೆಟ್ಟು.

ಝೆನ್ ಕಡೆಯಿಂದ ಜೆರೆಮಿ ಫಿಟ್ಜ್‌ಹಾರ್ಡಿಂಜ್ ಮೊದಲು ಲಾಕನ್ನೇ ಬದಲಿಸಿ ನೋಡಿದರು. ಆಮೇಲೆ, ಟೋಕನ್ ಇರಲಿ, ತಡವಾದಾಗ ಏನು ಮಾಡಬೇಕು ಅನ್ನೋದನ್ನಷ್ಟೇ ಬದಲಿಸೋಣ ಅಂದರು. ಅದನ್ನು ಕೆವಿಎಂಗೆ ತಂದವರು ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರ್‌ನ ಶ್ರೀವತ್ಸ ವದ್ದಗಿರಿ, ರಾಘವೇಂದ್ರ ಕೆ.ಟಿ. ಮತ್ತು ಜೊತೆಗಾರರು. ಉಪಾಯ ಸರಳ. ಸ್ವಲ್ಪ ಹೊತ್ತು ಕಾಯಿ. ಸರದಿ ಬರಲಿಲ್ವಾ, ನಿನ್ನ ನಂಬರ್ ಬರೆದಿಟ್ಟು ಮಲಗು. ಲಾಕ್ ಬಿಡುವವನು ಮುಂದಿನ ನಂಬರ್ ಯಾರದ್ದು ಅಂತ ನೋಡಿ, ‘ಅವನನ್ನು ಎಬ್ಬಿಸಪ್ಪ’ ಅಂತ ಹೈಪರ್‌ವೈಸರ್‌ಗೆ ಹೇಳಿ ಹೋಗ್ತಾನೆ. ಆ ಕರೆಗೆ ಇಟ್ಟ ಹೆಸರೇ ‘ಕಿಕ್’.

ಹೇಳೋಕೆ ಸರಳ, ಒಪ್ಪಿಸೋಕೆ ಅಲ್ಲ. ವರ್ಚುವಲೈಸೇಶನ್ ಬಳಸದವರ ಯಂತ್ರ ಒಂದು ಚೂರೂ ನಿಧಾನ ಆಗಬಾರದು. ಸುಮ್ಮನೆ ಸುತ್ತುವವರನ್ನು ಇಂಟೆಲ್ ಚಿಪ್ಪೇ ಹಿಡಿದುಕೊಡುವಾಗ ಇದು ಯಾಕೆ ಬೇಕು ಅನ್ನೋ ಪ್ರಶ್ನೆ ಬೇರೆ. ಪ್ರತಿ ಪ್ರಶ್ನೆಗೂ ಅಳತೆ ಮಾಡಿ ಅಂಕಿ ಕೊಡಬೇಕು. ಹತ್ತಕ್ಕೂ ಹೆಚ್ಚು ಸಲ ತಿದ್ದಿ ಕಳಿಸಿದ ಮೇಲೆ, 2013ರ ನವೆಂಬರ್‌ನಲ್ಲಿ ಬಂದ 3.12 ಕರ್ನಲ್‌ಗೆ ಅದು ಸೇರಿತು. ಒಂದೇ ಕೋಡ್, ಝೆನ್‌ಗೂ ಆಯ್ತು, ಕೆವಿಎಂಗೂ ಆಯ್ತು.

ಕೋಷ್ಟಕದಲ್ಲಿ ಇದಕ್ಕೆ ಮನೆಯೇ ಇಲ್ಲ. 2014ರಲ್ಲಿ ಫ್ರೀಬಿಎಸ್‌ಡಿ 10.0 ಜೊತೆ ಬಿಹೈವ್ ಬಂದಾಗ ಒಂದು ‘ಹೌದು’ ಸೇರಿತು, 2020ರಲ್ಲಿ ನೆಟ್‌ಬಿಎಸ್‌ಡಿ 9.0ರ ಎನ್‌ವಿಎಂಎಂ ಬಂದಾಗ ಇನ್ನೊಂದು. ಅವುಗಳ ಹಿಂದೆ ಯಾರ್ಯಾರ ಎಷ್ಟೆಷ್ಟು ವರ್ಷ ಇದೆಯೋ ಅಂತ ಈಗ ನನಗೆ ಕುತೂಹಲ.

ಟೋಕನ್ ಲಾಕ್ ಹೆಚ್ಚು ದಿನ ಬಾಳಲಿಲ್ಲ. 2015ರ 4.2 ಕರ್ನಲ್‌ನಲ್ಲಿ ಅದರ ಜಾಗಕ್ಕೆ ಸಾಲಿನಲ್ಲಿ ನಿಲ್ಲಿಸೋ ಕ್ಯೂ ಲಾಕ್ ಬಂತು. ಆದ್ರೆ ಅಲ್ಲೂ ಮಲಗಿದವನನ್ನು ಎಬ್ಬಿಸಬೇಕಲ್ಲ? ಕೆವಿಎಂ ಅದಕ್ಕೆ ಬಳಸೋದು ಅದೇ ‘ಕಿಕ್’ ಕರೆ, ಅದೇ ಹೆಸರಲ್ಲಿ.