ಬಿಟ್ಟು ಬಂದವನು ಇಪ್ಪತ್ತೈದರಿಂದ

ನಮ್ಮಜ್ಜನ ಎರಡೂ ಕಿವಿ ಒಣ ಅಂಜೂರದ ಹಾಗೆ ಮುದುಡಿಕೊಂಡಿದ್ದವು. ಎದುರಾಳಿಯ ತೋಳಿನಡಿ ತಲೆ ಸಿಕ್ಕಿ, ಗರಡಿಯ ಮಣ್ಣಿಗೆ ಉಜ್ಜಿ ಉಜ್ಜಿ ಆದ ಕಿವಿಗಳವು. ದಾವಣಗೆರೆಯ ಹಳೇ ಪೇಟೆಯಲ್ಲಿ ಅಂಥ ಕಿವಿಯವರು ಬಂದರೆ ಅಂಗಡಿಯವರು ‘ಬರ್ರಿ ಪೈಲ್ವಾನ್ರೇ’ ಎಂದು ಜಾಗ ಬಿಡುತ್ತಿದ್ದರು. ಅಪ್ಪ ಹತ್ತಿ ಮಿಲ್ಲಿನ ಪಾಳಿ ಮುಗಿಸಿಕೊಂಡು ಅದೇ ಗರಡಿಗೆ ಹೋಗುತ್ತಿದ್ದ. ನಾನೂ ಅಲ್ಲೇ ಮಣ್ಣು ಮೆತ್ತಿಕೊಂಡು ಬೆಳೆದೆ. ಆಮೇಲೆ ಕಾಲೇಜೊಂದರಲ್ಲಿ ಮೂವತ್ತು ವರ್ಷ ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದು, ಈಗ ವಿದ್ಯಾನಗರದಲ್ಲಿದ್ದೇನೆ. ಸಂಜೆ ಹದಡಿ ರಸ್ತೆಯ ಕಡೆ ನಡೆದು ಹೋದರೆ ಜಿಮ್‌ಗಳ ಬೋರ್ಡು, ಅವುಗಳ ಗಾಜಿನ ಕಪಾಟಿನಲ್ಲಿ ಆಳೆತ್ತರಕ್ಕೆ ಪೇರಿಸಿದ ಪ್ರೋಟೀನ್ ಡಬ್ಬಿಗಳು ಕಾಣುತ್ತವೆ. ಅಜ್ಜನ ಗರಡಿಗೂ ಈ ಡಬ್ಬಿಗೂ ನಡುವೆ ನಮ್ಮ ಹುಡುಗರು ಕಳೆದುಕೊಂಡದ್ದು ಏನು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಮ್ಮ ಗರಡಿಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಎದುರಿಗೆ ಹನುಮಪ್ಪ, ಗೋಡೆಗೆ ಒರಗಿಸಿದ ಗದೆ, ಕರ್ಲಾಕಟ್ಟೆ, ಕಲ್ಲಿನ ಗುಂಡು. ನಡುವೆ ತಗ್ಗಿನಲ್ಲಿ ಕೆಮ್ಮಣ್ಣು. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ, ಕರ್ಪೂರ ಹಾಕಿ ಹದ ಮಾಡುತ್ತಿದ್ದರು. ಹೊಸಬನಿಗೆ ಮೊದಲ ಕೆಲಸವೇ ಸಲಿಕೆ ಹಿಡಿದು ಮಣ್ಣು ಅಗೆಯುವುದು. ತಿಂಗಳುಗಟ್ಟಲೆ ಅದೇ. ಬೆನ್ನು, ಭುಜ, ಉಸಿರು ಅದರಲ್ಲೇ ಗಟ್ಟಿಯಾಗುತ್ತಿದ್ದವು. ಆಮೇಲೆ ದಂಡೆ, ಬಸ್ಕಿ. ಕುಸ್ತಿಯ ಪಟ್ಟು ಅದಕ್ಕೂ ಆಮೇಲೆ.

ಗರಡಿಯಲ್ಲಿ ಕಲಿಸುತ್ತಿದ್ದ ಉಸ್ತಾದರು ಬೆಳಗಿನ ಜಾವ ಪ್ರತಿಯೊಬ್ಬ ಹುಡುಗನನ್ನೂ ಕೇಳುತ್ತಿದ್ದ ಮಾತು ಒಂದೇ: ‘ಮೈ ಹೆಂಗೈತಿ?’ ನಿದ್ದೆ ಬಂದಿತೇ, ಉಂಡದ್ದು ಕರಗಿತೇ, ಒಂದಕ್ಕೆ ಸರಿಯಾಗಿ ಹೋಯಿತೇ, ಎಲ್ಲವೂ ಆ ಮಾತಿನೊಳಗೆ ಬರುತ್ತಿತ್ತು. ಇನ್ನೊಂದು ಕಟ್ಟಳೆ ಇತ್ತು. ಜ್ವರ ಬಂದೋ, ಸುಗ್ಗಿಗೆ ಹೋಗಿಯೋ ಹದಿನೈದು ದಿನ ಗರಡಿ ಬಿಟ್ಟವನು, ಹಿಂದೆ ಐನೂರು ಬಸ್ಕಿ ಹೊಡೆಯುತ್ತಿದ್ದವನಾದರೂ ಮತ್ತೆ ಇಪ್ಪತ್ತೈದರಿಂದ ಶುರು ಮಾಡಬೇಕು. ಹುಡುಗರಾಗಿದ್ದ ನಮಗೆ ಅದು ಅವಮಾನ ಅನ್ನಿಸುತ್ತಿತ್ತು. ಅದರ ಹಿಂದಿನ ಕಾರಣ ನನಗೆ ಅರ್ಥವಾಗಲು ನಲವತ್ತು ವರ್ಷ ಬೇಕಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಬಗ್ಗೆಯೇ ಒಂದು ಭಾಗವಿದೆ. ವಯಸ್ಸು, ಬಲ ನೋಡಿ ಮಲ್ಲರನ್ನು ವಿಂಗಡಿಸುವುದು, ಅವರ ಊಟ, ಅವರ ಸಾಮು ಎಲ್ಲ ಅಲ್ಲಿ ಬರುತ್ತವೆ. ತೂಕ ಎತ್ತುವುದು ಭಾರಶ್ರಮ, ಕಂಬದ ಸಾಮು ಸ್ತಂಭಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ. ಹರಿಹರದ ಪೈಲ್ವಾನರು ತುಂಗಭದ್ರೆಯಲ್ಲಿ ಈಜುತ್ತಿದ್ದುದಕ್ಕೆ ಇಷ್ಟು ಹಳೆಯ ಹೆಸರಿದೆ ಎಂದು ತಿಳಿದಾಗ ನನಗೆ ಹಿಗ್ಗಾಯಿತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಕೃಷ್ಣದೇವರಾಯನ ಬೆಳಗನ್ನು ಬರೆದಿಟ್ಟಿದ್ದಾನೆ. ರಾಯ ನಸುಕಿಗೆ ಮುಂಚೆ ದೊಡ್ಡ ಲೋಟದಷ್ಟು ಎಳ್ಳೆಣ್ಣೆ ಕುಡಿದು, ಮೈಗೂ ಅದನ್ನೇ ಬಳಿದುಕೊಂಡು, ಮಣ್ಣಿನಿಂದ ಮಾಡಿದ ಭಾರಗಳನ್ನು ಎತ್ತಿ, ಕತ್ತಿ ಬೀಸಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋಗುವ ತನಕ ಸಾಮು ಮಾಡುತ್ತಿದ್ದನಂತೆ. ಆಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿ, ಅದಾದ ಮೇಲೆ ಕುದುರೆ ಸವಾರಿ. ಮೈಗೆ ಬಲ ತುಂಬುವ ಪದಾರ್ಥದ ಆಸೆ ಅರಮನೆಯಲ್ಲೂ ಇತ್ತು.

ಗರಡಿಯಲ್ಲಿ ಆ ಪದಾರ್ಥಕ್ಕೆ ಖುರಾಕು ಎಂಬ ಹೆಸರು. ರಾತ್ರಿ ನೆನೆಸಿದ ಕಡಲೆ, ಅರೆದ ಬಾದಾಮಿ, ಉತ್ತತ್ತಿ, ಹಾಲು, ತುಪ್ಪ, ಅನುಕೂಲವಿದ್ದವರಿಗೆ ಮೊಟ್ಟೆ, ಮಾಂಸ. ಮಿಲ್ಲಿನ ಸಂಬಳದಲ್ಲಿ ಬಾದಾಮಿ ಎಲ್ಲಿಂದ ಬರಬೇಕು? ಅಪ್ಪನಿಗೆ ಸಿಕ್ಕಿದ್ದು ಕಡಲೆ ಮತ್ತು ನಮ್ಮ ಎಮ್ಮೆಯ ಹಾಲು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆ ಹತ್ತಿರ ಬಂದಾಗ ಮಾತ್ರ ಓಣಿಯವರೆಲ್ಲ ಸೇರಿ ತುಪ್ಪ ಕೊಡುತ್ತಿದ್ದರು.

ಗರಡಿಯನ್ನು ಹೊಗಳಿ ಸುಮ್ಮನಾದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಅಲ್ಲಿಯೂ ಅತಿ ಇತ್ತು. ಪಂಥ ಕಟ್ಟಿ ಸಾವಿರ ಬಸ್ಕಿ ಹೊಡೆದು ಮಂಡಿ ಸವೆಸಿಕೊಂಡವರಿದ್ದರು. ಕುಸ್ತಿ ಬಿಟ್ಟ ಮೇಲೂ ಖುರಾಕು ಬಿಡದೆ ಹೊಟ್ಟೆ ಬಂದು, ಸಕ್ಕರೆ ಕಾಯಿಲೆ ಬಂದು ನರಳಿದ ಪೈಲ್ವಾನರನ್ನು ನಾನೇ ಕಂಡಿದ್ದೇನೆ. ನಮ್ಮಜ್ಜನೂ ಕೊನೆಗೆ ಕೋಲು ಹಿಡಿದೇ ನಡೆದ. ಆದರೂ ಅಲ್ಲಿ ಅಳತೆ ಹೇಳುವವನು ಹುಡುಗನ ಎದುರಿಗೇ ಇರುತ್ತಿದ್ದ. ಅವನಿಗೆ ಹುಡುಗನಿಗೆ ಏನನ್ನೂ ಮಾರುವುದಿರಲಿಲ್ಲ.

ಮೈಯನ್ನು ಕನ್ನಡಿಯಲ್ಲಿ ನೋಡಿಕೊಂಡು ಕಟ್ಟುವ ಪದ್ಧತಿ ಬಂದದ್ದು ಆಮೇಲೆ. 1904-05ರಲ್ಲಿ ಯೂಜಿನ್ ಸ್ಯಾಂಡೊ ಎಂಬ ಬಲಶಾಲಿ ಭಾರತ ಸುತ್ತಿ ಹೋದ. ನಾವು ಇವತ್ತಿಗೂ ಹಾಕಿಕೊಳ್ಳುವ ಸ್ಯಾಂಡೊ ಬನಿಯನ್ನಿಗೆ ಅವನದೇ ಹೆಸರು. ಬಲದ ಹೆಸರಿನಲ್ಲಿ ಕೋಕೋ ಪುಡಿ ಮಾರಿದವನೂ ಅವನೇ. ನಮ್ಮಲ್ಲಿ ಆ ವಿದ್ಯೆಯನ್ನು ಮರ್ಯಾದೆಯಿಂದ ಬೆಳೆಸಿದವರು ಬೆಂಗಳೂರಿನ ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಬರೆದ ಅದೇ ಅಯ್ಯರ್. ಕಬ್ಬಿಣದ ತೂಕ ಎತ್ತುವುದರ ಜೊತೆಗೆ ಸೂರ್ಯನಮಸ್ಕಾರ ಕಲಿಸಿ, ಅದರ ಮೇಲೂ ಪುಸ್ತಕ ಬರೆದರು.

ದಾರಿ ತಪ್ಪಿದ್ದು ರಸಾಯನ ಬಂದ ಮೇಲೆ. 1935ರಲ್ಲಿ ಟೆಸ್ಟೋಸ್ಟಿರಾನ್ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ತಯಾರಿಸಿದರು. 1958ರ ಹೊತ್ತಿಗೆ ಅಮೆರಿಕದಲ್ಲಿ ಅದರ ಜಾತಿಯ ಸ್ಟೀರಾಯ್ಡ್ ಮಾತ್ರೆ ತೂಕ ಎತ್ತುವವರ ಕೈ ಸೇರಿತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಓಟಗಾರ ಬೆನ್ ಜಾನ್ಸನ್ ಸ್ಟೀರಾಯ್ಡ್‌ಗೆ ಸಿಕ್ಕಿಬಿದ್ದು ಚಿನ್ನ ಕಳೆದುಕೊಂಡಾಗ ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಅದು ದೂರದ ಸುದ್ದಿ ಎಂದು ನಂಬಿದ್ದೆ. ಸ್ಟೀರಾಯ್ಡ್ ಸ್ನಾಯುವನ್ನು ಉಬ್ಬಿಸುವಾಗಲೇ ಹೃದಯದ ಗೋಡೆಯನ್ನೂ ದಪ್ಪ ಮಾಡುತ್ತದೆ, ಯಕೃತ್ತನ್ನು ಕೆಡಿಸುತ್ತದೆ, ಹುಡುಗನ ವೃಷಣಗಳನ್ನು ಕುಗ್ಗಿಸುತ್ತದೆ. ಈಗ ಇನ್ನೊಂದು ಸೇರಿದೆ: ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರಕ್ತದೊತ್ತಡ ಬೀಳದಂತೆ ಕೊಡುವ ಮೆಫೆಂಟರ್ಮಿನ್ ಚುಚ್ಚುಮದ್ದನ್ನು ‘ದಮ್ಮು ಬರ್ತದೆ’ ಎಂದು ಜಿಮ್ಮಿನ ಹುಡುಗರು ಚುಚ್ಚಿಕೊಳ್ಳುತ್ತಾರೆ.

ಕುಸ್ತಿಯೂ ಮಣ್ಣು ಬಿಟ್ಟು ಮ್ಯಾಟಿಗೆ ಬಂತು. ಬೀರಲಿಂಗೇಶ್ವರ ಮೈದಾನದ ಜಾತ್ರೆ ಕುಸ್ತಿಯಲ್ಲಿ ಹಿರಿಯರು ಹುಡುಗರನ್ನು ನಿಲ್ಲಿಸಿ ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಿದ್ದರು. ಮ್ಯಾಟಿನಲ್ಲಿ ತಕ್ಕಡಿ ಹೇಳಿದ್ದೇ ಲೆಕ್ಕ. ಕಡಿಮೆ ತೂಕದ ವಿಭಾಗಕ್ಕೆ ನುಸುಳಲು ಹುಡುಗರು ನೀರು ಬಿಡುತ್ತಾರೆ, ಬಿಸಿಲಿನಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುತ್ತಾರೆ. ಅಮೆರಿಕದಲ್ಲಿ 1997ರ ನವೆಂಬರ್-ಡಿಸೆಂಬರ್‌ನಲ್ಲಿ ಹೀಗೆ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡೆಯಲ್ಲಿ ರಬ್ಬರ್ ಅಂಗಿ, ಬಿಸಿ ಹಬೆಯ ಕೋಣೆ ಎರಡನ್ನೂ ನಿಷೇಧಿಸಿದರು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಆ ಅಂಗಿ ತೊಟ್ಟು ಓಡುವ ಹುಡುಗನನ್ನು ಕಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಉಸ್ತಾದರ ಕಟ್ಟಳೆ ಅರ್ಥವಾಗಲು ನಲವತ್ತು ವರ್ಷ ಬೇಕಾಯಿತು ಎಂದೆನಲ್ಲ, ಅದು ಈ ಮಾತು. ಹಾಸ್ಟೆಲಿನಲ್ಲಿದ್ದ ನನ್ನ ಒಬ್ಬ ವಿದ್ಯಾರ್ಥಿ ಪರೀಕ್ಷೆಗೆಂದು ಒಂದೂವರೆ ತಿಂಗಳು ಅಭ್ಯಾಸ ಬಿಟ್ಟಿದ್ದ. ವಿಶ್ವವಿದ್ಯಾಲಯದ ಆಯ್ಕೆ ಹತ್ತಿರ ಬಂತೆಂದು ಒಂದು ಜಿಮ್ಮಿಗೆ ಸೇರಿ, ಅಲ್ಲಿ ಕೊಟ್ಟ ಪುಡಿ ಕುಡಿದು, ಗೆಳೆಯರ ಪಂಥಕ್ಕೆ ಬಿದ್ದು ಒಂದೇ ಸಂಜೆ ಎಂಟುನೂರು ಬಸ್ಕಿ ಹೊಡೆದ. ಮರುದಿನ ತೊಡೆ ಬಾತು ಮೆಟ್ಟಿಲು ಇಳಿಯಲಾಗಲಿಲ್ಲ. ನೋವಿನ ಮಾತ್ರೆ ನುಂಗಿದ. ಮೂರನೆಯ ದಿನ ನನ್ನ ಮನೆಗೆ ಬಂದು, ತಲೆ ತಗ್ಗಿಸಿ, ‘ಸಾರ್, ಒಂದಕ್ಕೆ ಹೋದ್ರೆ ಟೀ ಡಿಕಾಕ್ಷನ್ ಥರ ಬರ್ತೈತಿ. ಉಷ್ಣ ಇರ್ಬೇಕು ಅಂತ ಎಳನೀರು ಕುಡದೆ’ ಅಂದ.

ಅದು ಉಷ್ಣವಲ್ಲ. ರೂಢಿಯಿಲ್ಲದ ಸ್ನಾಯುವನ್ನು ಒಮ್ಮೆಲೇ ಮಿತಿ ಮೀರಿ ದುಡಿಸಿದರೆ ಅದರ ಜೀವಕೋಶಗಳು ಒಡೆಯುತ್ತವೆ. ಒಳಗಿದ್ದ ಮಯೋಗ್ಲೋಬಿನ್ ಎಂಬ ಕೆಂಪು ಪದಾರ್ಥ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕಟ್ಟಿಹಾಕುತ್ತದೆ. ವೈದ್ಯರು ಇದನ್ನು ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ಮೈಯಲ್ಲಿ ನೀರು ಕಡಿಮೆಯಿದ್ದರೆ, ನೋವಿನ ಮಾತ್ರೆ ನುಂಗಿದ್ದರೆ ಇನ್ನೂ ಅಪಾಯ. ರಕ್ತದಲ್ಲಿ ಇನ್ನೂರರ ಆಸುಪಾಸು ಇರಬೇಕಾದ ಕ್ರಿಯಾಟಿನ್ ಕೈನೇಸ್ ಅವನಲ್ಲಿ ಹತ್ತಾರು ಸಾವಿರವಾಗಿತ್ತು. ನಾಲ್ಕು ಸಲ ಡಯಾಲಿಸಿಸ್ ಆಯಿತು. ಹುಡುಗ ಉಳಿದ. ಅವನ ತಾಯಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಅವರ ಪಕ್ಕ ಕೂತಾಗ ನನಗೆ ಉಸ್ತಾದರ ಕಟ್ಟಳೆ ನೆನಪಾಯಿತು: ಬಿಟ್ಟು ಬಂದವನು ಇಪ್ಪತ್ತೈದರಿಂದ. ಓದು ಬಾರದ ಆ ಮನುಷ್ಯನಿಗೆ ಮಯೋಗ್ಲೋಬಿನ್ ಗೊತ್ತಿರಲಿಲ್ಲ, ಆದರೆ ಬಿಟ್ಟ ಮೈ ಹೇಗಿರುತ್ತದೆಂದು ಗೊತ್ತಿತ್ತು. ನನಗೆ ಎರಡೂ ಗೊತ್ತಿರಬೇಕಿತ್ತು. ಅಭ್ಯಾಸಕ್ಕೆ ಮರಳಿದ ಹುಡುಗನನ್ನು ಆ ವಾರ ನಾನು ‘ಮೈ ಹೆಂಗೈತಿ’ ಎಂದು ಕೇಳಿರಲಿಲ್ಲ.

ಯಾರೋ ಕೊಟ್ಟದ್ದನ್ನು ನಂಬಿ ಕೆಡುವುದರಿಂದ ದೊಡ್ಡ ಆಟಗಾರರೂ ಪಾರಾಗಿಲ್ಲ. ಕುಂದಾಪುರದ ಕಡೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದಾಗ ನಮ್ಮ ಕಾಲೇಜಿನಲ್ಲಿ ಸಿಹಿ ಹಂಚಿದ್ದೆವು. ಮರುವರ್ಷ ಆಕೆಯೂ ಜೊತೆಯ ಓಟಗಾರ್ತಿಯರೂ ಸ್ಟೀರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಮಾತ್ರೆಯಲ್ಲಿ ಅದು ಬೆರೆತಿತ್ತು ಎಂದು ಅವರು ಹೇಳಿದರು. ಕೋಚ್ ಕೆಲಸ ಕಳೆದುಕೊಂಡ. ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ಮೈಯೊಳಗೆ ಏನು ಸೇರಿದರೂ ಆಟಗಾರನೇ ಹೊಣೆ ಎಂಬುದು ನಿಯಮ. ಕೊಟ್ಟವರನ್ನು ನಂಬಿದ್ದೆ ಎಂದರೆ ನಡೆಯುವುದಿಲ್ಲ.

ಡಬ್ಬಿಯ ಮೇಲೆ ಬರೆದದ್ದನ್ನಾದರೂ ನಂಬಬಹುದೇ? ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಶೇಕಡಾ 70ರಷ್ಟು ಪುಡಿಗಳ ಪ್ರೋಟೀನ್ ಲೆಕ್ಕ ತಪ್ಪಾಗಿತ್ತು, ಶೇಕಡಾ 14ರಷ್ಟರಲ್ಲಿ ಬೂಷ್ಟಿನ ವಿಷವಿತ್ತು. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲು ಇಂಥ ಪುಡಿ ಬೇಡ ಎಂದು ಹೇಳಿತು. ಬೆಳೆಯುವ ಹುಡುಗನಿಗೆ ಬೇಕಾದ ಪ್ರೋಟೀನ್ ಕಡಲೆ, ಹೆಸರುಕಾಳು, ಹಾಲು, ಮೊಟ್ಟೆಯಲ್ಲಿ ಸಿಗುತ್ತದೆ. ನಮ್ಮ ಸಂತೆಯಲ್ಲಿ ಇವು ಇಲ್ಲದ ದಿನವಿಲ್ಲ.

ವಿದ್ಯಾನಗರದ ಹುಡುಗರೇ, ಸಾಮು ಬಿಡಿ ಎಂದು ನಾನು ಹೇಳುವುದಿಲ್ಲ. ರಜೆ ಮುಗಿಸಿ ಬಂದ ಮೊದಲ ವಾರ ಕಡಿಮೆಯಿಂದ ಶುರು ಮಾಡಿ. ತೂಕ ಇಳಿಸಲು ನೀರು ಬಿಡಬೇಡಿ. ಯಾರೋ ಕೊಟ್ಟ ಸೂಜಿ, ಹೆಸರಿಲ್ಲದ ಪುಡಿ ಮುಟ್ಟಬೇಡಿ. ಮೂತ್ರದ ಬಣ್ಣ ಡಿಕಾಕ್ಷನ್ನಿನಂತಾದರೆ ಎಳನೀರು ಕುಡಿಯುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೋಗಲು ಹೆದರಿಕೆಯಾದರೆ ನನ್ನ ಮನೆಗೆ ಬನ್ನಿ, ನಾನು ಕರೆದುಕೊಂಡು ಹೋಗುತ್ತೇನೆ.